ಬೆಳ್ಳಿಮೀನು ಮತ್ತು ಹಸಿರುಬಾಗಿಲು

ಅವನು ಬಣ್ಣದಂಗಡಿಗೆ ಮೊದಲ ಸಲ ಬಂದದ್ದು ಕೈಯಲ್ಲೊಂದು ಮರದ ಚೂರು ಹಿಡಿದುಕೊಂಡು.

ಆ ಹೊತ್ತಿಗೆ ಸರಿಯಾಗಿ ಒಳಗೆ ಅವಳ ಮದುವೆಯ ಮಾತು ನಡೆಯುತ್ತಿತ್ತು. ಅಂಗಡಿ ಚಿಕ್ಕಪ್ಪನದು, ಬಣ್ಣ ಕಲಸುವ ಕೈ ಅವಳದು. ಯಾವ ಗೋಡೆಯ ಪುಡಿ ತಂದುಕೊಟ್ಟರೂ ಬರಿಗಣ್ಣಲ್ಲೇ ಅಳೆದು ಅದೇ ಬಣ್ಣವನ್ನು ಡಬ್ಬಿಗೆ ಇಳಿಸಿಬಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಹತ್ತು ಬೆರಳೂ ಹತ್ತು ಬಣ್ಣ. ಅದಕ್ಕೇ ಚಿಕ್ಕಪ್ಪ ಅವಳನ್ನು ಚಿಟ್ಟೆ ಎಂದು ಕರೆದು, ಬೀದಿಗೆಲ್ಲ ಅದೇ ಹೆಸರು ಅಂಟಿಸಿದ್ದರು.

"ಯಾರನ್ನಾದ್ರೂ ಒಪ್ಕೋತೀಯೋ, ಇಲ್ಲ ಹೀಗೇ ಡಬ್ಬಿ ಅಲ್ಲಾಡಿಸ್ಕೊಂಡು ಇರ್ತೀಯೋ?" ಎಂದರು ಚಿಕ್ಕಪ್ಪ.

ಅವಳು ಆಗಷ್ಟೇ ಕಲಸಿದ್ದ ಕಡು ಎಲೆಹಸಿರನ್ನು ಕಾಗದದ ತುಂಡಿಗೆ ಬಳಿದು ಎತ್ತಿ ತೋರಿಸಿದಳು. "ನೋಡಿ ಚಿಕ್ಕಪ್ಪಾ, ಪ್ರಪಂಚದಲ್ಲಿ ನಂಗೆ ಇಷ್ಟವಾದ ಬಣ್ಣ ಇದೊಂದೇ. ಯಾವನು ತನ್ನ ಬಾಗಿಲಿಗೆ ಇದನ್ನ ಬಳೀತಾನೋ ಅವನನ್ನ ಕಣ್ಣು ಮುಚ್ಚಿ ಮದುವೆ ಆಗ್ತೀನಿ. ಆಯ್ತಾ?"

ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಅವನು. ಎದುರು ಸಾಲಿನಲ್ಲಿ ಹೊಸದಾಗಿ ಕನ್ನಡಕದ ಅಂಗಡಿ ತೆರೆದವನು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಮೂಗಿನ ಮೇಲೆ ದಪ್ಪ ಫ್ರೇಮು.

"ಅಂಗಡಿ ಬಾಗಿಲಿಗೆ ಬಣ್ಣ ಬೇಕಿತ್ತು," ಎಂದು ಗಂಟಲು ಸರಿಮಾಡಿಕೊಂಡ. "ಹಳೇ ಬಾಗಿಲಿಂದ ಈ ಚೂರು ಕಿತ್ಕೊಂಡು ಬಂದಿದೀನಿ. ಇದೇ ಬಣ್ಣ ಕೊಡಿ."

ಚೂರು ಅಪ್ಪಟ ಕಂದು. ಅವಳು ಕಂದು ಬಣ್ಣದ ತುಂಡುಗಳನ್ನು ಮೇಜಿನ ಮೇಲೆ ಹರಡಿದಳು. ಕೈಯಲ್ಲಿದ್ದ ಹಸಿರು ತುಂಡೂ ಅವುಗಳ ಜೊತೆಗೇ ಬಿತ್ತು, ಅವಳ ಬೆರಳು ಅದರ ಮೇಲೆಯೇ ಉಳಿಯಿತು. ಅವನು ಒಂದು ಕ್ಷಣ ಎಲ್ಲವನ್ನೂ ನೋಡಿದ. ಆಮೇಲೆ ಅವಳ ಬೆರಳಿನ ಕೆಳಗಿದ್ದ ತುಂಡನ್ನು ಮೆಲ್ಲಗೆ ಮುಟ್ಟಿದ.

"ಇದೇ."

ಚಿಕ್ಕಪ್ಪನಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು.

"ಖಂಡಿತಾನಾ?" ಎಂದಳು. ಕಿವಿ ಬಿಸಿಯಾಗಿತ್ತು.

"ಖಂಡಿತ," ಎಂದ. ನಕ್ಕ ಕೂಡ.

ಮರುದಿನ ಬೆಳಿಗ್ಗೆ ಬೂದು ಶಟರುಗಳ ಆ ಉದ್ದ ಬೀದಿಯಲ್ಲಿ ಒಂದೇ ಒಂದು ಬಾಗಿಲು ಎಲೆಹಸಿರಾಗಿ ಹೊಳೆಯುತ್ತಿತ್ತು. ಹೀಗೂ ಒಬ್ಬ ಗಂಡಸು ಇರುತ್ತಾನಾ! ಒಂದು ಮಾತೂ ಆಡದೆ, ಒಂದು ಹೂವೂ ಕೊಡದೆ, ಇಡೀ ಬೀದಿಯ ಎದುರಿಗೆ ಬಾಗಿಲು ಬಳಿದು ಹೇಳಿಬಿಡುವುದು! ಅವತ್ತೇ ಅವಳು ಮನಸ್ಸು ಕೊಟ್ಟುಬಿಟ್ಟಳು. ಇನ್ನು ಅವನು ಬಾಯಿಬಿಟ್ಟು ಕೇಳುವುದೊಂದೇ ಬಾಕಿ ಎಂದು ಕಾದಳು.

ಕಾದಳು, ಕಾದಳು. ಪುಣ್ಯಾತ್ಮ ಬಾಯಿ ಬಿಡಲಿಲ್ಲ.

ಸ್ನೇಹವೇನೋ ಬೆಳೆಯಿತು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ರಸ್ತೆ ದಾಟುವುದು ಅವಳ ರೂಢಿಯಾಯಿತು. ಕನ್ನಡಕದಂಗಡಿಯ ಹಿಂದೆ ಗಾಜು ಅರೆಯುವ ಸಣ್ಣ ಕೋಣೆ, ಒಂದು ಮೇಜು, ಎರಡು ಸ್ಟೂಲು. "ನೀವು" ಹೋಗಿ "ನೀನು" ಬಂತು. ಡಬ್ಬಿಯ ಮುಚ್ಚಳ ಬದಲಾಗಿ ಅವನದು ಇವಳ ಮನೆಗೆ ಹೋಯಿತು. ಟೊಮೇಟೊ ಕಾಯೋ ಹಣ್ಣೋ ಎಂದು ಒತ್ತಿ ನೋಡುವ ಅವನ ಗುಣ ಕಂಡು ನಕ್ಕಳು. ಕನ್ನಡಕದ ಫ್ರೇಮುಗಳ ಮೇಲೆಲ್ಲ ಸಣ್ಣ ಚೀಟಿ ಅಂಟಿಸಿ ಬಣ್ಣದ ಹೆಸರು ಬರೆದಿಟ್ಟಿದ್ದ. "ಎಷ್ಟು ಅಚ್ಚುಕಟ್ಟು ನೋಡಿ ಚಿಕ್ಕಪ್ಪಾ," ಎಂದು ಹೊಗಳಿದಳು. ಪ್ರೀತಿ ಹತ್ತಿದ ಕಣ್ಣಿಗೆ ಎಲ್ಲವೂ ಚೆಂದ, ಯಾವುದೂ ಸುಳಿವಲ್ಲ.

ಅದೇ ಕೋಣೆಯಲ್ಲಿ ಅವಳು ಅವನ ಟೆಲಿಸ್ಕೋಪನ್ನು ನೋಡಿದ್ದು. ನೋಡಿದ್ದು ಎಂದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ. ಟೆಲಿಸ್ಕೋಪು ಇದ್ದದ್ದು ಭೂಮಿಯ ಆಚೆ ಮಗ್ಗುಲಿನಲ್ಲಿ, ಜನವೇ ಇಲ್ಲದ ಒಂದು ಒಣ ಬೆಟ್ಟದ ಮೇಲೆ.

"ಇಲ್ಲಿ ಮಧ್ಯಾಹ್ನ, ಅಲ್ಲಿ ಈಗ ನಡುರಾತ್ರಿ," ಎಂದು ವಿವರಿಸಿದ. "ಆನ್‌ಲೈನಲ್ಲಿ ಬಾಡಿಗೆಗೆ ತಗೊಳ್ಳೋದು. ನಮ್ಮ ಸರದಿ ಬಂದಾಗ ಯಾವ ನಕ್ಷತ್ರ, ಎಷ್ಟು ಹೊತ್ತು, ಯಾವ ಫಿಲ್ಟರ್ ಅಂತ ಬರೆದು ಒತ್ತಿದ್ರೆ ಸಾಕು. ಅದೇ ತಿರುಗುತ್ತೆ, ಅದೇ ಫೋಟೋ ತೆಗೆಯುತ್ತೆ. ಅಲ್ಲಿ ಒಬ್ಬ ಮನುಷ್ಯನೂ ಇಲ್ಲ."

"ನಿಂಗೆ ಅಂತ ಒಂದು ಟೆಲಿಸ್ಕೋಪ್ ಕೊಂಡ್ಕೋಬಾರ್ದಾ?"

"ಕೊಂಡು ಎಲ್ಲಿ ಇಡ್ಲಿ? ಈ ಬೀದಿ ದೀಪದ ಕೆಳಗಾ? ಇಲ್ಲಿ ಚಂದ್ರ ಕಂಡ್ರೆ ಅದೇ ಹೆಚ್ಚು."

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ. ಅದರಲ್ಲಿ ಎಲ್ಲೋ ಒಂದು ಕಬ್ಬಿಣದ ಛಾವಣಿ ತಾನಾಗಿಯೇ ಸರಿದು, ದಪ್ಪ ಕೊಳವೆಯೊಂದು ನಿಧಾನವಾಗಿ ಕತ್ತೆತ್ತಿತು. ಅವಳು ತುತ್ತು ಹಿಡಿದ ಕೈಯನ್ನು ಅಲ್ಲೇ ಬಿಟ್ಟು ನೋಡಿದಳು. ಹೊರಗೆ ರಣಬಿಸಿಲು, ಆಟೋಗಳ ಹಾರ್ನು. ಈ ಕೋಣೆಯಲ್ಲಿ ಅವಳ ಮೊಣಕೈ ಅವನ ಮೊಣಕೈಗೆ ತಾಗುವಷ್ಟು ಹತ್ತಿರ, ಎದುರಿಗೆ ಒಂದು ಇಡೀ ರಾತ್ರಿ. ಇಷ್ಟು ಸುಖ ಸಾಕು ಅನಿಸಿತು ಅವಳಿಗೆ.

ಆಗಲೇ ಪರದೆಯ ಬಲಗಡೆ ಒಂದು ಹೆಸರು ಹೊತ್ತಿಕೊಂಡಿತು. ಬೆಳ್ಳಿಮೀನು.

"ಅದ್ಯಾರು?"

"ಓ, ಅವರಾ? ಒಬ್ಬರ ಸರದಿ ನಡೀತಿದ್ರೆ ಬೇರೆಯವರು ಹೊರಗಿಂದ ನೋಡಬಹುದು. ಅವರು ದಿನಾ ಬರ್ತಾರೆ. ನನ್ನ ಫೋಟೋಗೆಲ್ಲ ಬಣ್ಣ ಕೂಡಿಸೋದು ಅವರೇ."

ಬಣ್ಣ. ಆ ಪದ ಕೇಳಿ ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

ಟೆಲಿಸ್ಕೋಪು ಕೊಡುವುದು ಕಪ್ಪುಬಿಳುಪು ಚಿತ್ರಗಳನ್ನು ಎಂದು ಅವನೇ ಹೇಳಿದ. ಕೆಂಪು ಗಾಜಿನ ಹಿಂದೆ ಒಂದು, ಹಸಿರಿನ ಹಿಂದೆ ಒಂದು, ನೀಲಿಯ ಹಿಂದೆ ಒಂದು. ಆಮೇಲೆ ಅವನ್ನು ಒಂದರ ಮೇಲೊಂದು ಕೂಡಿಸಿ, ಹದ ನೋಡಿ ಬಣ್ಣ ತರಬೇಕು. ಅಂದರೆ ಕಲಸಬೇಕು. ಊರಿಗೆಲ್ಲ ಬಣ್ಣ ಕಲಸುವವಳು ಮೊಣಕೈ ಪಕ್ಕದಲ್ಲಿ ಕೂತಿದ್ದಾಳೆ, ಇವನು ಕಾಣದ ಊರಿನ ಮೀನಿಗೆ ಕಳಿಸುತ್ತಾನೆ!

"ನನ್ನ ಕೇಳಬಹುದಿತ್ತಲ್ಲ," ಎಂದಳು ಹಗುರವಾಗಿ.

"ಇದು ಬೇರೆ ಥರ ಕಣೆ. ನಿಂಗ್ಯಾಕೆ ತೊಂದ್ರೆ," ಎಂದು ಅವನು ನೋಟ ತಪ್ಪಿಸಿದ.

ಆ ತಪ್ಪಿಸಿದ ನೋಟವೇ ಕೊಳ್ಳಿಯಾಯಿತು. ಅವತ್ತು ಡಬ್ಬಿಯಲ್ಲಿದ್ದ ಊಟ ಅರ್ಧ ಹಾಗೇ ವಾಪಸಾಯಿತು.

ಹೊಟ್ಟೆಕಿಚ್ಚಿಗೆ ಕಣ್ಣು ಚುರುಕು. ಅಂದಿನಿಂದ ಅವಳಿಗೆ ಕಾಣದ್ದೇ ಇಲ್ಲ. ಬೆಳ್ಳಿಮೀನು ಹೆಂಗಸೆಂದು ಒಂದು ವಾಯ್ಸ್ ಮೆಸೇಜಿನಿಂದ ಗೊತ್ತಾಯಿತು. ನಗು ಬೇರೆ, ಗಾಜಿನ ಬಳೆ ಅಲುಗಿದಂಥ ನಗು. ಅವನು ಹಾಕುವ ಪ್ರತಿ ಚಿತ್ರದ ಕೆಳಗೂ "ಚಿತ್ರ: ಕನ್ನಡಕ, ಬಣ್ಣ: ಬೆಳ್ಳಿಮೀನು" ಎಂದು ಎರಡು ಹೆಸರು ಅಕ್ಕಪಕ್ಕ ಕೂತಿರುತ್ತಿದ್ದವು, ಮದುವೆ ಕಾಗದದಲ್ಲಿ ಕೂತ ಹಾಗೆ. ಇಷ್ಟು ದಿನ "ಅವರು ಹೇಳಿದ್ರು" ಎನ್ನುತ್ತಿದ್ದವನು ಒಂದು ಮಧ್ಯಾಹ್ನ "ಅವಳು ಹೇಳಿದ್ಲು" ಎಂದುಬಿಟ್ಟ. "ಅವರು" ಹೋಗಿ "ಅವಳು" ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಇವಳಿಗೆ ಮಾತ್ರ ಎದೆಯ ಮೇಲೆ ಡಬ್ಬಿ ಇಟ್ಟ ಹಾಗಾಯಿತು, ತುಂಬಿದ ಡಬ್ಬಿ.

"ನೋಡೋಕೆ ಹೇಗಿದಾಳೆ?" ಎಂದು ಕೇಳಿದಳು.

"ಯಾರು?"

"ಮೀನು."

"ನಾನು ನೋಡೇ ಇಲ್ಲ."

"ನೋಡ್ಬೇಕು ಅನ್ಸಲ್ವಾ?"

"ಯಾಕೆ ಅನ್ಸ್ಬೇಕು?" ಅವನು ನಿಜಕ್ಕೂ ಯೋಚಿಸಿದ. "ಒಳ್ಳೇವಳು. ತುಂಬ ತಾಳ್ಮೆ. ನನ್ನನ್ನ ಅರ್ಥ ಮಾಡ್ಕೋತಾಳೆ."

ಅರ್ಥ ಮಾಡ್ಕೋತಾಳಂತೆ! ರಸ್ತೆ ದಾಟಿ ಬಂದವಳು ಅವತ್ತು ಡಬ್ಬಿಗಳನ್ನು ಅಲ್ಲಾಡಿಸಿದ ರಭಸಕ್ಕೆ ಚಿಕ್ಕಪ್ಪ ಕನ್ನಡಕ ಮೇಲೆತ್ತಿ ನೋಡಿದರು.

"ಏನಮ್ಮಾ, ಬಣ್ಣ ಕಲಸ್ತಿದೀಯೋ, ಯಾರದೋ ಕತ್ತು ಹಿಸುಕ್ತಿದೀಯೋ?"

"ಎರಡೂ."

ಚಿಕ್ಕಪ್ಪ ಮಾತು ಬದಲಿಸಿದರು. ಬೇರೊಂದು ಊರಿನಲ್ಲಿ ಎರಡನೆಯ ಅಂಗಡಿ ತೆರೆಯುತ್ತಿದ್ದರು, ಅದಕ್ಕೆ ಅವಳೇ ಯಜಮಾನಿ ಆಗಬೇಕೆಂದು ಅವರ ಆಸೆ. ಅವಳು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದಳು. ಕಾರಣ ಎದುರಿಗೇ ಹಸಿರಾಗಿ ನಿಂತಿತ್ತು, ಚಿಕ್ಕಪ್ಪನೂ ಒತ್ತಾಯಿಸಿರಲಿಲ್ಲ. "ಈ ವಾರ ಮುಗಿಯೋದ್ರೊಳಗೆ ಒಂದು ಮಾತು ಹೇಳಿಬಿಡು ಚಿಟ್ಟೆ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕು," ಎಂದರು.

ಆ ದಿನಗಳಲ್ಲಿ ಅವನಿಗೆ ಒಂದೇ ಧ್ಯಾನ. ಆಕಾಶದಲ್ಲಿ ಅರಳಿದ ಹೂವಿನ ಹಾಗಿರುವ ಒಂದು ನೀಹಾರಿಕೆ, ಧೂಳು ಮತ್ತು ಅನಿಲದ ದೊಡ್ಡ ಮೋಡ. ಅದರ ಚಿತ್ರ ಬಹುಪಾಲು ಮುಗಿದಿತ್ತು, ಕೆಂಪಿನದೊಂದು ಕಂತು ಬಾಕಿ. ಇನ್ನು ಕೆಲವೇ ದಿನಗಳಲ್ಲಿ ಅದು ಸೂರ್ಯನ ಬದಿಗೆ ಸರಿದುಬಿಡುತ್ತದೆ, ಮತ್ತೆ ಸಿಗುವುದು ಬರುವ ವರ್ಷ.

"ನಾಡಿದ್ದು ಮಧ್ಯಾಹ್ನದ ಸರದಿ ಖಾಲಿ ಇದೆ," ಎಂದು ಅವನು ಫೋನಿನಲ್ಲಿ ಹೇಳುತ್ತಿದ್ದುದು ಡಬ್ಬಿ ಹಿಡಿದು ಒಳಬಂದವಳ ಕಿವಿಗೆ ಬಿತ್ತು. "ಹೂಂ, ಸಂಜೆ ಬುಕ್ ಮಾಡ್ತೀನಿ. ನಾವಿಬ್ರೂ ಕೂತು ಮುಗಿಸಿಬಿಡೋಣ."

ನಾವಿಬ್ರೂ!

ಅವಳು ಡಬ್ಬಿ ಇಟ್ಟವಳೇ ತಲೆನೋವೆಂದು ವಾಪಸು ಬಂದಳು. ಬಣ್ಣದಂಗಡಿಯ ಕಂಪ್ಯೂಟರಿನ ಮುಂದೆ ಕೂತು ಆ ಟೆಲಿಸ್ಕೋಪಿನ ಪುಟ ತೆರೆದಳು. ಹೊಸ ಖಾತೆ. ಅಡ್ಡಹೆಸರು ಕೊಡಿ ಎಂದಿತು. ಹಲ್ಲು ಕಚ್ಚಿಕೊಂಡು "ಹಸಿರುಬಾಗಿಲು" ಎಂದು ಬರೆದಳು. ಓದಲಿ ಅವನು. ಓದಿ ನಾಚಿಕೆಪಡಲಿ. ಬಾಗಿಲು ಬಳಿದು ಆಸೆ ಹುಟ್ಟಿಸಿದ್ದು ಯಾರಿಗೆ, ಈಗ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಯಾರನ್ನ ಎಂದು ಆ ಒಂದು ಹೆಸರು ಕೇಳಲಿ. ನಾಡಿದ್ದಿನ ಮಧ್ಯಾಹ್ನದ ಸರದಿಯ ಮೇಲೆ ಬೆರಳೊತ್ತಿದಳು. ಆಯಿತು. ನೀಹಾರಿಕೆ ಅವಳದು.

ಮರುದಿನ ಮಧ್ಯಾಹ್ನ ಜಗಳಕ್ಕೆ ಸಿದ್ಧವಾಗಿ, ಒಳ್ಳೆಯ ಅಂಗಿಯನ್ನೇ ಹಾಕಿಕೊಂಡು ರಸ್ತೆ ದಾಟಿದಳು. ಅವನು ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ನೋಡು ಚಿಟ್ಟೆ, ಯಾರೋ ನಮ್ಮ ಸರದಿ ಹಾರಿಸಿಬಿಟ್ಟಿದಾರೆ. ಸಂಜೆ ಗಿರಾಕಿ ಬಂದ್ರು ಅಂತ ತಡ ಮಾಡಿದ್ದೇ ತಪ್ಪಾಯ್ತು."

"ಯಾರಂತೆ?" ಅವಳು ಅವನ ಮುಖದಲ್ಲೇ ಕಣ್ಣು ನೆಟ್ಟಳು.

"ಯಾರೋ ಹೊಸಬರು. ಹಸಿರುಬಾಗಿಲು ಅಂತೆ. ಎಂಥ ಹೆಸರೋ ಏನೋ!" ಅವನು ನಕ್ಕ. "ಹಸಿರು ಬಾಗಿಲು ಯಾರಾದ್ರೂ ಇಟ್ಕೋತಾರಾ?"

ಅವಳು ಅವನ ಮುಖವನ್ನು ಹುಡುಕಿದಳು. ನಟನೆ ಇಲ್ಲ, ಕೀಟಲೆ ಇಲ್ಲ, ಕಣ್ಣಂಚಿನಲ್ಲಿ ನಗುವಿನ ಸುಳಿಯೂ ಇಲ್ಲ. ಅವನ ಬೆನ್ನ ಹಿಂದೆ, ಅಂಗಡಿಯ ಆ ತುದಿಯಲ್ಲಿ, ಬಿಸಿಲಿಗೆ ತೆರೆದಿಟ್ಟ ಬಾಗಿಲು ಎಲೆಹಸಿರಾಗಿ ಉರಿಯುತ್ತಿತ್ತು.

ಚೀಟಿ ಅಂಟಿಸಿದ ಫ್ರೇಮುಗಳು. ಒತ್ತಿ ನೋಡುವ ಟೊಮೇಟೊ. ಕಪ್ಪು, ಬಿಳಿ, ಬೂದು ಬಿಟ್ಟು ಬೇರೆ ಅಂಗಿ ತೊಡದವನು.

"ಆ ಬಾಗಿಲು ಯಾವ ಬಣ್ಣ?" ಎಂದಳು.

"ಯಾವ ಬಾಗಿಲು?"

"ನಿಂದು. ನಿನ್ನ ಅಂಗಡೀದು."

ಅವನು ತಿರುಗಿ ನೋಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಕಂದು," ಎಂದ. ಆಮೇಲೆ, ಮೆಲ್ಲಗೆ, "ಅಲ್ವಾ?"

"ಹಸಿರು. ಎಲೆಹಸಿರು. ನನ್ನ ಕೈಯಾರೆ ಕಲಸಿದ್ದು."

ಅವನು ಮತ್ತೊಮ್ಮೆ ಬಾಗಿಲಿನ ಕಡೆ ತಿರುಗಿದ. "ಇಷ್ಟು ದಿನ... ಬೀದಿಯವರೆಲ್ಲ... ಯಾರೂ ಒಂದು ಮಾತು ಹೇಳ್ಲಿಲ್ವಲ್ಲ."

"ಫ್ಯಾಷನ್ ಅಂದ್ಕೊಂಡ್ರು. ನಾನು ಬೇರೆ ಏನೋ ಅಂದ್ಕೊಂಡೆ." ಅವಳ ದನಿ ಅವಳ ಮಾತು ಕೇಳುತ್ತಿರಲಿಲ್ಲ. "ನಿಂಗೆ ಬಣ್ಣ ಗೊತ್ತಾಗಲ್ಲ."

"ಕೆಲವು ಮಾತ್ರ. ಹಸಿರು, ಕಂದು, ಕೆಂಪು... ಹುಟ್ಟಿದಾಗಿಂದ ಹೀಗೇ."

"ಅವಳಿಗೆ ಗೊತ್ತಾ?"

"ಯಾರಿಗೆ?"

"ನಿನ್ನ ಬೆಳ್ಳಿಮೀನಿಗೆ."

"ಗೊತ್ತು."

ಆ ಒಂದು ಮಾತಿಗೆ ಅವಳ ಹೊಟ್ಟೆಯೊಳಗೆ ಏನೋ ಧಗ್ಗೆಂದಿತು. ಬಾಗಿಲು ತನಗಾಗಿ ಬಳಿದದ್ದಲ್ಲ, ಅದು ಹೋಗಲಿ. ಅವನಿಗೆ ಗೊತ್ತೇ ಇಲ್ಲದ ಹಸಿರಿನ ಮೇಲೆ ತಾನು ಇಷ್ಟು ದಿನ ಮನೆ ಕಟ್ಟಿಕೊಂಡು ಕೂತದ್ದು, ಅದೂ ಹೋಗಲಿ. ಆದರೆ ದಿನವೂ ಎದುರು ಕೂತು ಉಂಡವಳಿಗೆ ಹೇಳದ ಗುಟ್ಟನ್ನು ಮುಖ ನೋಡದವಳಿಗೆ ಹೇಳಿದ್ದಾನೆ. ತನ್ನ ಕೆಲಸವೇ ಬಣ್ಣ. ಕೇಳಿದ್ದರೆ ಜೀವಮಾನವಿಡೀ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು.

"ಚಿಟ್ಟೆ, ಒಂದು ನಿಮಿಷ..."

ಅವಳು ನಿಲ್ಲಲಿಲ್ಲ. ಹಸಿರು ಬಾಗಿಲನ್ನು ದಾಟಿ, ರಸ್ತೆ ದಾಟಿ ನೇರವಾಗಿ ಚಿಕ್ಕಪ್ಪನ ಮೇಜಿನ ಮುಂದೆ ಬಂದು ನಿಂತಳು.

"ಆ ಊರಿನ ಅಂಗಡಿಗೆ ನಾನು ಹೋಗ್ತೀನಿ ಚಿಕ್ಕಪ್ಪಾ."

ಚಿಕ್ಕಪ್ಪ ಅವಳ ಮುಖ ನೋಡಿದರು, ಆಮೇಲೆ ಎದುರು ಸಾಲನ್ನು ನೋಡಿದರು. "ನಾಳೆ ಹೇಳು. ಇವತ್ತಿನ ಮಾತು ನಾನು ಕೇಳಿಸ್ಕೊಂಡಿಲ್ಲ," ಎಂದರು.

ಮರುದಿನ ಮಧ್ಯಾಹ್ನ ಡಬ್ಬಿ ರಸ್ತೆ ದಾಟಲಿಲ್ಲ.

ಸರದಿ ಮಾತ್ರ ಬಂದೇ ಬಂತು. ಬಿಟ್ಟುಕೊಡಬಹುದಿತ್ತು, ಪುಟದಲ್ಲಿ ಅದಕ್ಕೊಂದು ಗುಂಡಿಯಿತ್ತು. ಬಿಟ್ಟರೆ ಆ ಮೀನು ತೆಗೆದುಕೊಳ್ಳುತ್ತಾಳೆ, ಸಾಯಲಿ, ಕೊಡುವುದಿಲ್ಲ. ಅವಳು ಬಣ್ಣದಂಗಡಿಯ ಮೇಜಿನ ಮೇಲೆ ಪರದೆ ತೆರೆದು ಕೂತಳು. ಎದುರಿಗೆ ಒಬ್ಬ ಟೀಚರಮ್ಮ ಮಲಗುವ ಕೋಣೆಗೆ ಬಣ್ಣ ಹುಡುಕುತ್ತ ಬೆಳಗಿನಿಂದ ಇಡೀ ಅಂಗಡಿ ಹರಡಿಕೊಂಡಿದ್ದರು.

ಭೂಮಿಯ ಆಚೆ ಮಗ್ಗುಲಿನಲ್ಲಿ ಛಾವಣಿ ಸರಿಯಿತು. ಕೊಳವೆ ಕತ್ತೆತ್ತಿತು. ನೀಹಾರಿಕೆಯ ಹೆಸರನ್ನು ಕೊಟ್ಟಳು. ಫಿಲ್ಟರ್ ಯಾವುದು ಎಂದು ಕೇಳಿತು. ಹಟಕ್ಕೆ ಹಸಿರನ್ನೇ ಒತ್ತಿದಳು. ಮೊದಲ ಚಿತ್ರ ಬಂತು. ಕಪ್ಪು ಬಯಲಿನಲ್ಲಿ ಬಿಳಿ ಚುಕ್ಕಿಗಳು, ನಡುವೆ ಉಸಿರಿನಷ್ಟು ತೆಳುವಾದ ಮಂಜು. ಅಷ್ಟೇ. ಹೂವೆಲ್ಲಿ? ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಹಸಿರು ಫಿಲ್ಟರ್ ಹಾಕಿದೀಯ," ಎಂಬ ದನಿ.

ಮೇಜಿನ ಆಚೆ ಅವನು ನಿಂತಿದ್ದ. ಓಡಿ ರಸ್ತೆ ದಾಟಿದ್ದಕ್ಕೆ ಏದುಸಿರು, ಕನ್ನಡಕ ಜಾರಿ ಮೂಗಿನ ತುದಿಯಲ್ಲಿತ್ತು.

"ಹೊರಗಿಂದ ನೋಡ್ತಿದ್ದೆ," ಎಂದ. "ನಿನ್ನೆ ನೀನು ಹೋದ್ಮೇಲೆ ಗೊತ್ತಾಯ್ತು ಹಸಿರುಬಾಗಿಲು ಯಾರು ಅಂತ. ಆ ಹೂವು ಕೆಂಪು, ಚಿಟ್ಟೆ. ಹಸಿರಲ್ಲಿ ಅದು ಅಷ್ಟಾಗಿ ಕಾಣಲ್ಲ."

"ಕೆಂಪು ಅಂತ ನಿಂಗೆ ಹೇಗೆ ಗೊತ್ತು?" ಕೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಓದಿದೀನಿ," ಎಂದ ಅವನು, ಸುಮ್ಮನೆ.

ಚಿಕ್ಕಪ್ಪ ಇಲ್ಲದ ಧೂಳನ್ನು ಒರೆಸತೊಡಗಿದರು. ಟೀಚರಮ್ಮ ಮಾತ್ರ ಯಾವ ಮುಚ್ಚುಮರೆಯೂ ಇಲ್ಲದೆ ಕುರ್ಚಿ ಎಳೆದುಕೊಂಡು ಕೂತರು.

"ನಾನು ಹೇಳ್ಬೇಕಾದ್ದು ಎಲ್ಲರ ಮುಂದೆನೇ ಹೇಳ್ತೀನಿ," ಎಂದ. ಗಂಟಲು ಸರಿಮಾಡಿಕೊಂಡ, ಸರಿಯಾಗಲಿಲ್ಲ, ಮತ್ತೊಮ್ಮೆ ಮಾಡಿಕೊಂಡ. "ನಂಗೆ ಹಸಿರೂ ಕಂದೂ ಒಂದೇ ಥರ ಕಾಣುತ್ತೆ. ಮೊದಲನೇ ಫೋಟೋಗೆ ನಾನೇ ಬಣ್ಣ ಹಾಕಿ ಆನ್‌ಲೈನಲ್ಲಿ ಎಲ್ಲರಿಗೂ ತೋರಿಸ್ದಾಗ ಎಲ್ಲಾ ಬಿದ್ದು ಬಿದ್ದು ನಕ್ರು. ಬೆಳ್ಳಿಮೀನು ಒಬ್ಬಳು ನಗಲಿಲ್ಲ. ಅವಳ ತಮ್ಮನಿಗೂ ಹೀಗೇ ಅಂತೆ, ಅದಕ್ಕೆ ತಕ್ಷಣ ಗುರುತು ಹಿಡಿದ್ಲು. ನಾನಾಗಿ ಹೇಳಿದ್ದಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಬಣ್ಣದಲ್ಲೇ ಬದುಕೋಳು. ಒಂದು ಚೂರು ನೋಡಿ ಅದರಲ್ಲಿ ಎಷ್ಟು ಹಳದಿ, ಎಷ್ಟು ಕಪ್ಪು ಅಂತ ಹೇಳ್ತೀಯ. ನಿನ್ನ ಹತ್ರ ಹೋಗಿ ನಂಗೆ ಟೊಮೇಟೊನೇ ಗೊತ್ತಾಗಲ್ಲ ಅಂತ ಹೇಗೆ ಹೇಳ್ಲಿ? ಅವಳು ನಕ್ರೆ ಪರದೆ ಮುಚ್ಚಿದ್ರೆ ಆಯ್ತು. ನೀನು ನಕ್ರೆ ನಾನು ಎಲ್ಲಿಗೆ ಹೋಗ್ಲಿ?"

ಅವಳ ಕೋಪ ಇಳಿಯುತ್ತಿತ್ತು, ಆದರೆ ಒಂದು ಮುಳ್ಳು ಇನ್ನೂ ಉಳಿದಿತ್ತು. "ಅವತ್ತು ಆ ಹಸಿರನ್ನ ಮುಟ್ಟಿ ಇದೇ ಅಂದ್ಯಲ್ಲ. ನಾನು ಚಿಕ್ಕಪ್ಪನ ಹತ್ರ ಹೇಳಿದ್ದು ನಿಂಗೆ ಕೇಳಿಸಿತ್ತಾ?"

"ಇಲ್ಲ." ಅವನು ತಲೆ ತಗ್ಗಿಸಿದ. "ಸುಳ್ಳು ಯಾಕೆ ಹೇಳ್ಲಿ. ಏನೂ ಕೇಳಿಸಿರ್ಲಿಲ್ಲ. ಮೇಜಿನ ಮೇಲೆ ಎಲ್ಲಾ ತುಂಡೂ ನಂಗೆ ಒಂದೇ ಥರ ಕಂಡ್ವು. ಒಂದರ ಮೇಲೆ ನಿನ್ನ ಬೆರಳಿತ್ತು. ಅದೇ ಸಾಕು ಅನ್ನಿಸ್ತು."

ಟೀಚರಮ್ಮ "ಅಯ್ಯೋ ದೇವರೇ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಅವಳು ಕಣ್ಣೊರೆಸಿಕೊಂಡಳು, ಬೆರಳಿನ ನೀಲಿ ಕೆನ್ನೆಗೆ ಹತ್ತಿತು. "ಕೆನ್ನೆಗೇನೋ ಹತ್ತಿದೆ," ಎಂದ ಅವನು. "ನೀಲಿ. ನೀಲಿ ನಂಗೆ ಕಾಣುತ್ತೆ." ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ ಅವಳಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಅಡ್ಡಹಲಗೆಯನ್ನು ಎತ್ತಿ ಅವನನ್ನು ಒಳಗೆ ಬಿಟ್ಟುಕೊಂಡಳು.

ಆ ಹೊತ್ತಿಗೇ ಬರಬೇಕೇ ಆ ಮೀನು! ಪರದೆಯ ಬಲಗಡೆ ಹೆಸರು ಹೊತ್ತಿಕೊಂಡಿತು, ಕೆಳಗೆ ಅಕ್ಷರಗಳು ಮೂಡಿದವು. "ಹಸಿರುಬಾಗಿಲು ಅಂದ್ರೆ ಚಿಟ್ಟೆ ನೀವೇ ಅಲ್ವಾ? ಕನ್ನಡಕದವರ ಬಾಯಲ್ಲಿ ಸದಾ ನಿಮ್ಮದೇ ಮಾತು. ನಿನ್ನೆ ಸಂಜೆಯೆಲ್ಲ ಅತ್ತು ಕರೆದು ಮಾಡಿದ್ರು. ದಯವಿಟ್ಟು ಕೆಂಪು ಫಿಲ್ಟರ್ ಹಾಕಿ, ಸರದಿ ಮುಗಿದುಹೋಗುತ್ತೆ."

ಚಿಟ್ಟೆ ನಿಧಾನವಾಗಿ ಅವನ ಕಡೆ ತಿರುಗಿದಳು. "ನಿನ್ನೆ ಸಂಜೆನೇ ಅವಳಿಗೆ ಹೇಳಿದ್ಯಾ? ನಂಗಿಂತ ಮೊದ್ಲು?"

"ಅದು... ಏನು ಮಾಡ್ಲಿ ಅಂತ ಕೇಳ್ದೆ ಅಷ್ಟೇ..."

"ಇನ್ನು ಮೇಲೆ ಅತ್ರೆ ಇಲ್ಲಿ ಬಂದು ಅಳು."

"ಆಯ್ತು."

"ಮತ್ತೆ ಅವಳಲ್ಲ. ಅವರು."

"ಅವರು," ಎಂದ ಅವನು ಪಾಠ ಒಪ್ಪಿಸುವವನ ಹಾಗೆ.

ಕೆಂಪು ಫಿಲ್ಟರ್ ಸರಿದು ಕೂತಿತು. ಇಬ್ಬರೂ ಒಂದೇ ಸ್ಟೂಲಿನ ಎರಡು ಅಂಚಿನಲ್ಲಿ ಕೂತರು. ಚಿತ್ರ ಬಂತು, ಅದರಲ್ಲಿ ಹೂವಿತ್ತು. ಒಂದೊಂದಾಗಿ ಪಕಳೆ ಬಿಚ್ಚಿಕೊಂಡು, ಪರದೆಯ ತುಂಬ. ಅವನು ಹಸಿರು, ನೀಲಿಯಲ್ಲಿ ತೆಗೆದಿದ್ದ ಹಳೆಯ ಚಿತ್ರಗಳನ್ನೂ ತೆರೆದುಕೊಟ್ಟ. ಅವಳು ಡಬ್ಬಿಗೆ ಹನಿ ಬಿಡುವ ಜಾಗರೂಕತೆಯಲ್ಲೇ ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ, ಬಣ್ಣ ಕೂಡಿಸಿದಳು. ಟೀಚರಮ್ಮ ಬಂದು ಹಿಂದೆ ನಿಂತು ಕುತ್ತಿಗೆ ಚಾಚಿ ನೋಡಿದರು.

"ನಂಗೆ ಹೇಳು," ಎಂದ ಅವನು ಮೆಲ್ಲಗೆ. "ಈ ಕೆಂಪು ಹೇಗಿದೆ?"

ಅವಳು ಯೋಚಿಸಿದಳು. "ನಿನ್ನೆ ನೀನು 'ಗೊತ್ತು' ಅಂದಾಗ ನನ್ನ ಹೊಟ್ಟೆಲಿ ಧಗ್ ಅಂತು. ಅದು ಕೆಂಪು."

"ಅಷ್ಟೊಂದಾ?" ಅವನು ಪರದೆಯನ್ನು ಹೊಸದಾಗಿ ನೋಡಿದ. "ಪಾಪ. ಆಕಾಶದ ತುಂಬಾ ಇದೆಯಲ್ಲ. ಮಧ್ಯದಲ್ಲಿ ಏನೋ ಬೇರೆ ಇದೆ?"

"ಅದು ನೀಲಿಹಸಿರು. ತಂಪು." ಅವಳು ಅವನ ಕೈಯ ಮೇಲೆ ಕೈಯಿಟ್ಟಳು. "ಈಗ ಇದೆಯಲ್ಲ, ಹಾಗೆ."

ಸಂಜೆ ಚಿತ್ರದ ಕೆಳಗೆ ಅವನು ಬರೆದದ್ದನ್ನು ಅವಳು ಹೆಗಲ ಮೇಲಿಂದ ಬಗ್ಗಿ ಅಕ್ಷರಅಕ್ಷರ ಓದಿ ನೋಡಿದಳು. "ಚಿತ್ರ: ಕನ್ನಡಕ, ಬಣ್ಣ: ಹಸಿರುಬಾಗಿಲು." ಮೊದಲು ಮೆಚ್ಚಿಗೆ ಒತ್ತಿದ್ದು ಬೆಳ್ಳಿಮೀನು, ಜೊತೆಗೊಂದು ಪುಟ್ಟ ಹೃದಯ. ಆ ಹೃದಯ ಯಾರಿಗೆ ಎಂದು ಅವಳು ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ಯೋಚಿಸಿ, ಕೊನೆಗೆ ತನಗೇ ಎಂದು ತೀರ್ಮಾನಿಸಿಕೊಂಡಳು.

ವಾರದ ಕೊನೆಯ ದಿನ ಅವನು ಮತ್ತೆ ಗಿರಾಕಿಯ ಹಾಗೆ ಬಂದು ಮೇಜಿನ ಆಚೆ ನಿಂತ. ಕೈಯಲ್ಲಿ ಮತ್ತೊಂದು ಮರದ ಚೂರು.

"ಬಾಗಿಲಿಗೆ ಬಣ್ಣ ಬೇಕಿತ್ತು."

"ಯಾಕೆ? ಕಂದು ಮಾಡಿಸ್ತೀಯಾ?" ಎಂದಳು.

"ಅಂಗಡೀದು ಹಾಗೇ ಇರ್ಲಿ. ಇದು ಮನೆ ಬಾಗಿಲು." ಅವನು ಚೂರನ್ನು ಮೇಜಿನ ಮೇಲಿಟ್ಟ. "ಇದಕ್ಕೂ ಅದೇ ಬೇಕು. ಈ ಸಲ ನಂಗೆ ಎಲ್ಲಾ ಗೊತ್ತಿದೆ. ನೀನು ಅವತ್ತು ಏನು ಹೇಳಿದ್ದೆ ಅನ್ನೋದು ಕೂಡ. ಚಿಕ್ಕಪ್ಪ ಹೇಳಿದ್ರು."

ಅವಳು ಚಿಕ್ಕಪ್ಪನ ಕಡೆ ತಿರುಗಿದಳು. ಅವರು ತಲೆಯೆತ್ತಿ ಅಂಗಡಿಯ ಮಾಡಿನಲ್ಲಿ ಏನೋ ಹುಡುಕುತ್ತಿದ್ದರು.

"ಕಣ್ಣು ಮುಚ್ಚಬೇಕಾಗಿಲ್ಲ," ಎಂದ ಅವನು. "ತೆರ್ಕೊಂಡೇ ಇರು. ನಮ್ಮಿಬ್ರಲ್ಲಿ ಬಣ್ಣ ನೋಡೋ ಕಣ್ಣು ಇರೋದೇ ಒಂದು ಜೊತೆ."

ಅವಳು ಡಬ್ಬಿ ತೆಗೆದು ಬಣ್ಣ ಕಲಸಿದಳು. ಆ ಹಸಿರಿಗೆ ಅಳತೆ ನೋಡುವ ಅಗತ್ಯ ಅವಳಿಗಿರಲಿಲ್ಲ. ಮುಚ್ಚಳ ಬಡಿದು ಕೂರಿಸಿ, ಅದರ ಮೇಲೆ ಗುರುತಿಗೆ ಒಂದು ಬೊಟ್ಟು ಹಸಿರಿಟ್ಟಳು. ಅವನಿಗೆಂದು ಪಕ್ಕದಲ್ಲಿ ದೊಡ್ಡದಾಗಿ "ಹಸಿರು" ಎಂದು ಬರೆದಳು.

"ಚಿಕ್ಕಪ್ಪಾ, ಆ ಊರಿನ ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡಿ."

"ಆಗ್ಲೇ ನೋಡಿಟ್ಟಿದೀನಿ," ಎಂದರು ಅವರು ಮಾಡಿನಿಂದ ಕಣ್ಣಿಳಿಸದೆ. "ಗಿರಾಕಿ ಹೆಸರು ಬರಿ. ಡಬ್ಬಿ ಅದಲುಬದಲಾದೀತು."

ಮುಚ್ಚಳದ ಮೇಲೆ ಮನೆಯವರ ಹೆಸರು ಬರೆಯುವ ಜಾಗವಿತ್ತು. ಅವಳು ಪೆನ್ನು ತೆಗೆದು, ಅವನು ನೋಡುತ್ತಿದ್ದ ಹಾಗೇ, ತನ್ನ ಹೆಸರು ಬರೆದಳು.